ರುಚಿಗಾರನ ಮೂಗು

ಹೋಟೆಲಿನ ಹಿರಿಯ ರುಚಿಗಾರನಿಗೆ ವಾಸನೆ ತಿಳಿಯದಂತಾಗಿ ಐದು ತಿಂಗಳಾಗಿತ್ತು. ವಾರದ ಮಟ್ಟಿಗೆ ಬಂದ ಜ್ವರ, ಹೋಗುವಾಗ ಮೂಗಿನ ಶಕ್ತಿಯನ್ನೂ ಕಟ್ಟಿಕೊಂಡು ಹೋಗಿತ್ತು. ಇಪ್ಪತ್ತಾರು ವರ್ಷ ವೈನಿನ ಗ್ಲಾಸಿಗೆ ಮೂಗಿಟ್ಟೇ ಅನ್ನ ಸಂಪಾದಿಸಿದ ಮನುಷ್ಯನಿಗೆ ಈಗ ದ್ರಾಕ್ಷಿಯೂ ಒಂದೇ, ಸೀಮೆಎಣ್ಣೆಯೂ ಒಂದೇ. ಹೆಂಡತಿಗೂ ಹೇಳಿರಲಿಲ್ಲ. ಅವಳ ಅಡುಗೆಯನ್ನು "ಘಮ್ ಅಂತಿದೆ ಕಣೇ" ಎಂದು ಹೊಗಳಿ, ತಲೆ ತಗ್ಗಿಸಿ ಉಣ್ಣುತ್ತಿದ್ದ.

ಕೆಲಸದಲ್ಲಿ ಅವನ ಮಾನ ಉಳಿಸುತ್ತಿದ್ದವಳು ಶಿಷ್ಯೆ, ಅದೂ ಅವಳಿಗೆ ಗೊತ್ತಿಲ್ಲದೆ. "ಮೊದಲು ನೀನು ಹೇಳಮ್ಮ, ಕಲಿಯೋದು ಬೇಡ್ವಾ?" ಎನ್ನುವನು. ಅವಳು ಹೇಳಿದ್ದಕ್ಕೆ ಹುಬ್ಬೇರಿಸಿ, "ಪರವಾಗಿಲ್ಲ" ಎನ್ನುವನು. ಹೋಟೆಲಿನ ಯಜಮಾನರೇನು ಕಣ್ಣು ಮುಚ್ಚಿ ಕೂತವರಲ್ಲ. "ಈಗೀಗ ಅವಳೇ ಮೊದಲು ಬಾಯಿ ಬಿಡ್ತಾಳಲ್ಲ?" ಎಂದವರು, ಶನಿವಾರ ಮಧ್ಯಾಹ್ನ ಇಬ್ಬರಿಗೂ ಪರೀಕ್ಷೆ ಗೊತ್ತುಮಾಡಿದರು. ಬಟ್ಟೆ ಸುತ್ತಿದ ಮೂರು ಬಾಟಲಿ. ಯಾವ ವೈನ್, ಎಷ್ಟು ವರ್ಷದ್ದು, ಯಾವ ಊಟಕ್ಕೆ ಜೋಡಿ ಎಂದು ಹೇಳಬೇಕು. ಗೆದ್ದವರು ಹಿರಿಯರು, ಸೋತವರಿಗೆ ಗ್ಲಾಸು ಒರೆಸುವ ಕೆಲಸ.

ಆ ಮೂರು ವೈನಿನ ಹೆಸರು, ವಯಸ್ಸು ಬರೆದ ಚೀಟಿ ನೆಲಮಾಳಿಗೆಯ ಬೀರುವಿನಲ್ಲಿತ್ತು. ಬೀರುವಿನ ಕೀಲಿ ಉಗ್ರಾಣ ನೋಡಿಕೊಳ್ಳುವವನ ಸೊಂಟದಲ್ಲಿ. ಅವನೋ ರುಚಿಗಾರನ ಖಾಸಾ ತಂಗಿಯ ಗಂಡ. ಗುರುವಾರ ಸರಕಿನ ಲಾರಿ ಬರುವ ಹೊತ್ತು ನೋಡಿಕೊಂಡೇ ರುಚಿಗಾರ ಕೆಳಗಿಳಿದ.

"ಭಾವ, ಲಾರಿ ಬಂತು. ಸ್ವಲ್ಪ ಕೀಲಿ ಇಟ್ಕೊಂಡಿರಿ. ನಿಮ್ಮನ್ನ ಬಿಟ್ರೆ ಇನ್ಯಾರನ್ನ ನಂಬ್ಲಿ?" ಎಂದು ತಂಗಿಯ ಗಂಡ ಕೀಲಿ ಚಾಚಿದ.

ಆ ಮಾತಿಗೆ ರುಚಿಗಾರನ ಕಿವಿ ಬಿಸಿಯಾಯಿತು. ಕೈ ಮಾತ್ರ ಕೀಲಿ ಹಿಡಿದುಕೊಂಡಿತು. ಚೀಟಿ ಬಿಡಿಸಿ, ಬಾಯಿಪಾಠ ಮಾಡಿ, ಹಳೆಯ ಮಡಿಕೆಯ ಮೇಲೇ ಮಡಚಿಟ್ಟ. ಒಂದು ಅಕ್ಷರವನ್ನೂ ಬರೆದುಕೊಳ್ಳಲಿಲ್ಲ. ಮೂರನೆಯದು ಯಜಮಾನರ ಪ್ರೀತಿಯ ಬಾಟಲಿ: ಜರ್ಮನಿಯ ಡ್ರೈ ಕೆಂಪು ವೈನ್, ಸಿಹಿಯ ಸೋಂಕಿಲ್ಲದ್ದು, ಸ್ಪೇಟ್‌ಬುರ್ಗುಂಡರ್ ದ್ರಾಕ್ಷಿಯದ್ದು, ಎಂಟು ವರ್ಷ ಹಳೆಯದು.

ಎರಡು ದಿನ ಕನ್ನಡಿಯ ಮುಂದೆ ತಾಲೀಮು ನಡೆಯಿತು. ಎಲ್ಲವನ್ನೂ ಸರಿ ಹೇಳಿದರೆ ಅನುಮಾನ ಬಂದೀತೆಂದು ಎರಡನೆಯ ವೈನಿನ ವಯಸ್ಸಿನಲ್ಲಿ ಒಂದು ವರ್ಷ ತಪ್ಪಿಸುವುದೆಂದೂ ತೀರ್ಮಾನಿಸಿದ. ತನ್ನ ಜಾಣತನಕ್ಕೆ ನಗು ಬಂತು. ಕನ್ನಡಿಯಲ್ಲಿ ಆ ನಗು ಕಂಡದ್ದೇ ದೀಪ ಆರಿಸಿಬಿಟ್ಟ. ಇಷ್ಟು ಹೇಸಿಗೆ ತನ್ನ ಮುಖದ ಮೇಲೆ ಅವನಿಗೆ ಎಂದೂ ಆಗಿರಲಿಲ್ಲ.

ಶನಿವಾರ ತಂಗಿಯ ಗಂಡನೇ ಪಕ್ಕದ ಕೋಣೆಯಲ್ಲಿ ಬಾಟಲಿ ಬಿಚ್ಚಿ, ಸುರಿದು ತಂದಿಟ್ಟ. ಹಿರಿತನದ ಮರ್ಯಾದೆಯೆಂದು ಮೊದಲ ಮಾತು ರುಚಿಗಾರನದೇ. ಮೊದಲನೆಯದು ಹೂವೆತ್ತಿದಷ್ಟು ಸುಲಭವಾಯಿತು. ಎರಡನೆಯದರಲ್ಲಿ ಅಂದುಕೊಂಡಂತೆ ಎಡವಿದ. ಶಿಷ್ಯೆ ಎರಡನ್ನೂ ಸರಿಯಾಗಿ ಹೇಳಿದಳು. ಮೂರನೆಯ ಗ್ಲಾಸಿಗೆ ಮೂಗಿಟ್ಟವಳು ಮಾತ್ರ ಮುಖ ಕಿವುಚಿ, ಕುಡಿಯದೆ ಕೆಳಗಿಟ್ಟಳು. ಪಾಪ, ಹುಡುಗಿ ಕೈಚೆಲ್ಲಿತು ಎಂದುಕೊಂಡ. ಅಯ್ಯೋ ಎನಿಸಿತು, ಒಳಗೊಳಗೇ ಹಾಯೆನಿಸಿತು.

ಅವನು ಗ್ಲಾಸು ತಿರುಗಿಸಿ, ಕಣ್ಣು ಮುಚ್ಚಿ, ಮೂಸಿ, ಗುಟುಕರಿಸಿದ. "ಚೆರ್ರಿ ಹಣ್ಣು. ಅದರ ಹಿಂದೆ ಸ್ವಲ್ಪ ಹೊಗೆ, ಒಣಗಿದ ಎಲೆ. ಜರ್ಮನಿಯ ಸ್ಪೇಟ್‌ಬುರ್ಗುಂಡರ್, ಎಂಟು ವರ್ಷದ್ದು. ಇದಕ್ಕೆ ಹುರಿದ ಬಾತುಕೋಳಿ, ಪಕ್ಕದಲ್ಲಿ ಅಣಬೆ. ಇದರ ಹುಳಿ ಬಾತುಕೋಳಿಯ ಕೊಬ್ಬನ್ನ ಕತ್ತರಿಸುತ್ತೆ. ಖಾರದ ಹತ್ತಿರ ಮಾತ್ರ ತರಬೇಡಿ, ಬಾಯಿ ಉರಿದುಹೋಗುತ್ತೆ." ಚೀಟಿಯಲ್ಲಿದ್ದದ್ದಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಯಾರೂ ತಲೆದೂಗಲಿಲ್ಲ. ಯಜಮಾನರು ತಮ್ಮ ಗ್ಲಾಸು ಮೂಸಿ ದೂರ ತಳ್ಳಿದರು. ಶಿಷ್ಯೆ ಅವನ ಮುಖ ನೋಡಲಾರದೆ ಮೇಜಿಗೆ ಹೇಳುವಂತೆ ಹೇಳಿದಳು: "ಸರ್, ಬಾಟಲಿಯ ಬಿರಡೆ ಕೆಟ್ಟು ವೈನೇ ಹಾಳಾಗಿದೆ. ಬರೀ ಬೂಷ್ಟು ಹಿಡಿದ ರದ್ದಿ ಕಾಗದದ ವಾಸನೆ. ಇದರಲ್ಲಿ ಚೆರ್ರಿ ಯಾರಿಗೂ ಸಿಗಲ್ಲ." ಯಾವ ಮೂಗಿಗೂ ಸಿಗದ ಹಣ್ಣನ್ನು, ದೇಶವನ್ನು, ವಯಸ್ಸನ್ನು ಅವನು ಕರಾರುವಾಕ್ಕಾಗಿ ಹೇಳಿಬಿಟ್ಟಿದ್ದ. ಯಜಮಾನರು ಉಗ್ರಾಣದವನ ಕಡೆ ತಿರುಗಿ, "ಬೀರುವಿನ ಕೀಲಿ ಯಾರ ಕೈಗೆ ಕೊಟ್ಟಿದ್ದೆಯಪ್ಪ?" ಎಂದರು. ತಂಗಿಯ ಗಂಡ ಸೊಂಟದ ಕೀಲಿಯನ್ನು ಮುಟ್ಟಿ ನೋಡಿಕೊಂಡು, "ಯಾರಿಗೂ ಇಲ್ಲ ಯಜಮಾನ್ರೇ, ನಮ್ಮ ಭಾವನಿಗೆ ಮಾತ್ರ" ಎಂದ.