ಸುರಂಗದಲ್ಲಿ ಏರಿದ ಮುಳ್ಳು

"ನಿಮ್ಮ ಗೇಜನ್ನ ನೀವೇ ಇಟ್ಕೊಳ್ಳಿ!"

ಅವಳು ಕಾರಿನ ಕೀಲಿಯನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಡಬ್ಬಿಯಲ್ಲಿದ್ದ ಸ್ಕ್ರೂಗಳು ಚೆಲ್ಲಾಪಿಲ್ಲಿಯಾದವು. ಕಾರುಗಳ ವೈರಿಂಗ್ ಮಾಡುವ ಎಲೆಕ್ಟ್ರಿಷಿಯನ್ ತಲೆಯೆತ್ತಿದ. ಕಳೆದ ವಾರ ಇದೇ ಡ್ರಾಯಿಂಗ್ ಟೀಚರ್ ಇದೇ ಮೇಜಿನೆದುರು ಮೂರು ಸಲ ಥ್ಯಾಂಕ್ಸ್ ಹೇಳಿ, ಬಾಗಿಲವರೆಗೆ ಹೋಗಿ, ತಿರುಗಿ ಬಂದು ನಾಲ್ಕನೆಯದನ್ನೂ ಹೇಳಿದ್ದಳು. ಆ ನಾಲ್ಕನೆಯದನ್ನು ಅವನು ವಾರವಿಡೀ ಮನಸ್ಸಿನಲ್ಲಿ ಜೋಪಾನ ಮಾಡಿಕೊಂಡಿದ್ದ.

"ಏನಾಯ್ತು ಮೇಡಂ?"

"ಏನಾಯ್ತಾ? ನಿನ್ನೆ ಹೊಸ ಸ್ಕೂಲಲ್ಲಿ ನನ್ನ ಡೆಮೊ ಕ್ಲಾಸ್ ಇತ್ತು. ದಾರೀಲಿರೋ ಸುರಂಗದೊಳಗೆ ಹೋಗ್ತಿದ್ದಂಗೆ ನಿಮ್ಮ ಗೇಜಿನ ಮುಳ್ಳು ಸೀದಾ ಕೆಂಪಿಗೆ! ಇಂಜಿನ್ ಸುಟ್ಟೇ ಹೋಯ್ತು ಅಂತ ಆಚೆ ಬಂದು ನಿಲ್ಲಿಸ್ದೆ. ಒಂದು ಗಂಟೆ ಬಿಸಿಲಲ್ಲಿ ನಿಂತೆ. ಯಾರೋ ಲಾರಿ ಡ್ರೈವರ್ ಬಂದು ಬಾನೆಟ್ ತೆಗೆದು ನೋಡಿ, 'ಇಲ್ಲಿ ಬಿಸಿಯಾಗಿರೋದು ನೀವೊಬ್ಬರೇ ಅಕ್ಕಾ' ಅಂದ."

ಅವನಿಗೆ ನಗು ಬಂತು. ಅವಳ ಕಣ್ಣು ನೋಡಿ ನುಂಗಿಕೊಂಡ.

"ನಗ್ರಿ, ನಗ್ರಿ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಇನ್ನೊಂದು ಸಲ ಕರೆದಿದಾರೆ. ಅದೇ ಕೊನೆ. ಅದೂ ತಪ್ಪಿದ್ರೆ ಕೆಲಸ ಹೋಯ್ತು."

ಅವನು ಕೀಲಿ ಎತ್ತಿಕೊಂಡು ಹೋಗಿ ಕಾರಿನಲ್ಲಿ ಕುಳಿತು ಇಂಜಿನ್ ಶುರು ಮಾಡಿದ. ಹಳೆಯ ಕಾರು. ಇಂಜಿನ್ನಿನ ಬಿಸಿ ತೋರಿಸುವ ಗೇಜು ಅದಕ್ಕೆ ಹುಟ್ಟಿನಿಂದಲೇ ಇರಲಿಲ್ಲ. ಕಳೆದ ವಾರ ಅವಳು ಕೇಳಿದ್ದಕ್ಕೆ ಹೊಸದೊಂದನ್ನು ತಂದು ಜೋಡಿಸಿದವನು ಅವನೇ. ಮುಳ್ಳು ನಡುವೆ ಶಾಂತವಾಗಿತ್ತು. ಅವನು ಹೆಡ್‌ಲೈಟ್ ಹಾಕಿದ. ಮುಳ್ಳು ಕೆಂಪಿಗೆ ಹಾರಿತು. ಆರಿಸಿದ. ಇಳಿಯಿತು.

"ಸುರಂಗದಲ್ಲಿ ಲೈಟ್ ಹಾಕಿದ್ರಿ, ಅಲ್ವಾ?"

"ಇಲ್ಲ, ಮೇಣದಬತ್ತಿ ಹಚ್ಕೊಂಡೆ!"

ಅವನ ಕಿವಿ ಕೆಂಪಾಯಿತು. "ತಪ್ಪು ನಂದೇ. ಗೇಜಿನ ಅರ್ಥಿಂಗ್ ವೈರನ್ನ ಬರೀ ತಗಡಿಗೆ ಬಿಗೀಬೇಕಿತ್ತು. ನಾನು ಬಣ್ಣದ ಮೇಲೇ ಬಿಗಿದೆ. ಬಣ್ಣದ ಮೇಲೆ ಕರೆಂಟ್ ಸರಿಯಾಗಿ ಹರಿಯಲ್ಲ. ಲೈಟ್ ಹಾಕಿದಾಗಲೆಲ್ಲ ಗೇಜು ಸುಳ್ಳು ತೋರಿಸುತ್ತೆ."

"ಗೊತ್ತಿದ್ದೂ ಹಾಗೆ ಮಾಡಿದ್ರಾ?"

"ಬಣ್ಣ ಕೆರೀಬೇಕಾಗಿತ್ತು. ಕಾರು ಬಿಟ್ಟು ಹೋಗುವಾಗ ನೀವೇನಂದ್ರಿ? 'ಅಪ್ಪ ಕೈಯಾರೆ ಬಳಿದಿದ್ದು, ಒಂದು ಗೀರೂ ಬೀಳಬಾರದು' ಅಂದ್ರಿ."

"ಅದು ಬಾಗಿಲಿಗೆ, ಬಾನೆಟ್ಟಿಗೆ ಹೇಳಿದ್ದು! ಡ್ಯಾಶ್‌ಬೋರ್ಡ್ ಅಡಿ ಯಾರು ನೋಡ್ತಾರೆ?"

"ನಿಮ್ಮಪ್ಪ ನೋಡಿದ್ರಲ್ಲ. ಯಾರಿಗೂ ಕಾಣದ ಜಾಗಕ್ಕೂ ನೀಟಾಗಿ ಬಳಿದಿದಾರೆ. ಬಣ್ಣ ಉಜ್ಜೋಕೆ ಉಪ್ಪುಕಾಗದ ಹಿಡ್ಕೊಂಡು ಎರಡು ಸಲ ಅಡಿಗೆ ತೂರಿದೆ. ಕೈ ಬರ್ಲಿಲ್ಲ."

ಅವಳು ಬಗ್ಗಿ ಡ್ಯಾಶ್‌ಬೋರ್ಡಿನಡಿ ಇಣುಕಿದಳು. ಆಮೇಲೆ ಸಿಟ್ಟು ಮೊದಲಿಗಿಂತ ಜೋರಾಗಿ ಬಂತು.

"ನನ್ನ ಕೇಳ್ಬಾರದಿತ್ತಾ? ನಂಬರ್ ಕೊಟ್ಟಿದ್ದೆ. ಎರಡು ಸಲ ಕೊಟ್ಟಿದ್ದೆ!"

"ಈ ವಿಷಯಕ್ಕೆ ಫೋನ್ ಮಾಡಿದ್ರೆ ನಿಮಗೆ ನೋವಾಗುತ್ತೆ ಅನ್ನಿಸ್ತು." ಅವನು ಮೇಜಿನ ಬಳಿ ಹೋಗಿ ಚೆಲ್ಲಿದ್ದ ಸ್ಕ್ರೂಗಳನ್ನು ಒಂದೊಂದಾಗಿ ಹೆಕ್ಕತೊಡಗಿದ. "ಬೇರೆ ವಿಷಯಕ್ಕೆ ದಿನಾ ಮಾಡೋಣ ಅನ್ಸೋದು. ಧೈರ್ಯ ಬರ್ಲಿಲ್ಲ."

"ನೋವಾಗಬಾರದು ಅಂತ ಸುರಂಗದಲ್ಲಿ ಜೀವ ಬಾಯಿಗೆ ತರಿಸಿದ್ರಲ್ರೀ! ನಾನೇನು ಗಾಜಿನ ಬೊಂಬೆನಾ? ಕೊಡಿ ಇಲ್ಲಿ ಆ ಕಾಗದ."

ಸೀರೆಯ ಸೆರಗು ಸಿಕ್ಕಿಸಿಕೊಂಡು ಅವಳೇ ಡ್ಯಾಶ್‌ಬೋರ್ಡಿನಡಿ ಅಂಗಾತ ಮಲಗಿದಳು. ಅವನು ಬಗ್ಗಿ ಟಾರ್ಚ್ ಹಿಡಿದ. ಉಜ್ಜಿದಂತೆ ನೀಲಿ ಪುಡಿ ಅವಳ ಕೆನ್ನೆಗೆ ಉದುರಿತು. ನೀಲಿಯ ಕೆಳಗೆ, ಗಿಳಿಯ ರೆಕ್ಕೆಯಂಥ ಹಸಿರು.

ಅವಳ ಕೈ ನಿಂತಿತು.

"ಏನಾಯ್ತು?"

"ಅಪ್ಪ ಮೊದಲು ಹಸಿರು ಬಳಿದಿದ್ರಂತೆ. ಅಮ್ಮ ಮುಖ ಸಿಂಡರಿಸಿದ್ದಕ್ಕೆ ಮಾರನೇ ದಿನವೇ ನೀಲಿ ಮಾಡಿದ್ರಂತೆ. ಅಮ್ಮ ಜಂಬಕ್ಕೆ ಹೇಳ್ತಾಳೆ ಅನ್ಕೊಂಡಿದ್ದೆ." ನಗುತ್ತಲೇ ಅವಳ ಕಣ್ಣು ತುಂಬಿತು. ಟಾರ್ಚಿನ ಬೆಳಕು ಅವಳ ಮುಖದ ಮೇಲೆ ಬೀಳದಂತೆ ಅವನು ಮೆಲ್ಲಗೆ ಪಕ್ಕಕ್ಕೆ ತಿರುಗಿಸಿದ.

ಅದನ್ನು ಅವಳು ಗಮನಿಸಿದಳು. ಮತ್ತೆ ಉಜ್ಜಿದಳು. ಹಸಿರೂ ಹೋಗಿ, ಬೆರಳ ತುದಿಯಷ್ಟಗಲ ತಗಡು ಫಳಫಳ ಹೊಳೆಯಿತು. ಅವನು ವೈರನ್ನು ಅಲ್ಲಿಗೇ ಬಿಗಿದ. ಲೈಟ್ ಹಾಕಿದರು. ಮುಳ್ಳು ಅಲ್ಲಾಡಲಿಲ್ಲ. ಮತ್ತೆ ಆರಿಸಿ, ಮತ್ತೆ ಹಾಕಿದರು. ಅದು ಇದ್ದಲ್ಲೇ ಇತ್ತು.

"ನಾಳೆ ಸುರಂಗ ದಾಟೋವರೆಗೆ ಪಕ್ಕದಲ್ಲಿ ಕೂರ್ಲಾ?" ಕೀಲಿಯನ್ನು ತಂದು ಮತ್ತೆ ಮೇಜಿನ ಮೇಲಿಡುತ್ತ ಅವನು ಕೇಳಿದ.

"ಮುಳ್ಳು ನೋಡೋಕಾ?"

"ಅಲ್ಲ." ಈ ಸಲ ಅವನು ಸ್ಕ್ರೂಗಳನ್ನು ಹೆಕ್ಕಲಿಲ್ಲ. ಅವಳನ್ನೇ ನೋಡಿದ. "ನಿಮ್ಮ ಜೊತೆ ಇರೋಕೆ."

"ಎಂಟಕ್ಕೆ ರೆಡಿ ಇರಿ. ಕೋಪ ಇನ್ನೂ ಇಳಿದಿಲ್ಲ, ದಾರಿಯುದ್ದಕ್ಕೂ ಬೈತೀನಿ."

"ಸುರಂಗ ದಾಟಿದ ಮೇಲೂ?"

"ಆಮೇಲೂ."

ಕೀಲಿ ತೆಗೆದುಕೊಂಡು ಕಾರಿನ ಬಾಗಿಲವರೆಗೆ ಹೋದವಳು ತಿರುಗಿ ಬಂದಳು.

"ಕೆನ್ನೆ ಒರೆಸ್ಕೊಳ್ಳೋಕೆ ಬಟ್ಟೆ ಕೊಡಿ."

ಅಂಗಡಿಯ ಬಟ್ಟೆಗಳೆಲ್ಲ ಗ್ರೀಸು. ಅವನು ಜೇಬಿನಿಂದ ಮಡಿಸಿದ ಕರ್ಚೀಫು ತೆಗೆದು ಕೊಟ್ಟ. ಅವಳು ಒರೆಸಿಕೊಂಡು, ನೀಲಿ ಹಸಿರು ಪುಡಿಯ ಸಮೇತ ಅದನ್ನು ತನ್ನ ಬ್ಯಾಗಿಗೆ ಹಾಕಿಕೊಂಡಳು.