ಎಂಜಲಾದ ಎದೆಪಟ್ಟಿ

"ಛೀ..."

ಭುವನಾ ಅವನಿಗೆ ಹೇಳಿದ ಮೊದಲ ಮಾತು ಅದು. ಪ್ರೇಮಕಥೆಯ ನಾಯಕಿ ಹೀಗೆ ಶುರು ಮಾಡಬಾರದು, ಒಪ್ಪುತ್ತೇನೆ. ಆದರೆ ಅವನು ಮಾಡಿದ ಕೆಲಸವೇ ಹಾಗಿತ್ತು!

ಮೂಡಿಗೆರೆ ಬಸ್ ಸ್ಟ್ಯಾಂಡಿನ ಹಿಂದೆ, ಬೇಕರಿಯ ಮಹಡಿ ಮೇಲೊಂದು ಜಿಮ್. ಆಷಾಢದ ತೇವಕ್ಕೆ ಮ್ಯಾಟುಗಳೆಲ್ಲ ಬೂಷ್ಟು ಹಿಡಿದಿದ್ದವು. ಒಣಗದ ಸಾಕ್ಸು, ಹಳೇ ಬೆವರು, ಕೆಳಗಿನಿಂದ ಏರಿ ಬರುವ ಕರಿದ ಎಣ್ಣೆಯ ವಾಸನೆ... ಭುವನಾ ಮೂಗಿಗೆ ಕರ್ಚೀಫು ಒತ್ತಿಕೊಂಡೇ ಮೆಟ್ಟಿಲು ಹತ್ತಿದ್ದಳು.

ಅವಳು ಬಂದದ್ದು ಎದೆಬಡಿತ ಅಳೆಯುವ ಸಾಧನವನ್ನು ಆರಿಸಲು. ಅಮ್ಮ ಹೃದಯಾಘಾತದಲ್ಲಿ ಹೋದ ಮೇಲೆ ಮೆಣಸಿನ ಅಂಗಡಿ ನಡೆಸುವ ಅಪ್ಪ ಸೋಮಶೇಖರಪ್ಪನವರಿಗೆ ಮಗಳು ಸ್ವಲ್ಪ ಏದುಸಿರು ಬಿಟ್ಟರೂ ಭಯ. ಮಗಳಿಗೋ ಓಡುವ ಹುಚ್ಚು! ಡಾಕ್ಟರು ಧಾರಾಳವಾಗಿ ಓಡಲಿ ಎಂದಿದ್ದರು. ಅಪ್ಪ ಮಾತ್ರ ಒಂದು ಷರತ್ತು ಹಾಕಿದ್ದರು. ಅವಳು ಓಡುವಾಗ ಎದೆಬಡಿತ ಎಷ್ಟಿದೆಯೆಂದು ಅವರ ಮೊಬೈಲಿನಲ್ಲಿ ಕಾಣುತ್ತಿರಬೇಕು. ಇಲ್ಲದಿದ್ದರೆ ಓಟವೇ ಬೇಡ.

ಜಿಮ್ ನಡೆಸುವ ದಯಾನಂದ ಎರಡು ಸಾಧನ ತೆಗೆದಿಟ್ಟ. ಒಂದು ಕೈಗೆ ಕಟ್ಟುವ ಪಟ್ಟಿ. ಅದು ಚರ್ಮದೊಳಕ್ಕೆ ಬೆಳಕು ಬಿಟ್ಟು ರಕ್ತದ ಓಟ ನೋಡುತ್ತದೆ. ಜಿಮ್ಮಿಗೆ ಸಾಕು, ಚಳಿಯಲ್ಲಿ ಓಡುವಾಗ ಎಡವುತ್ತದೆ ಎಂದ. ಇನ್ನೊಂದು ಎದೆಗೆ ಕಟ್ಟುವ ಪಟ್ಟಿ, ಅವನದೇ. ಅದು ಮಿಡಿತವನ್ನು ನೇರವಾಗಿ ಹಿಡಿಯುತ್ತದೆ. ಒಳಬದಿ ಒದ್ದೆಯಾಗಿರಬೇಕು, ಅಷ್ಟೇ.

ಒದ್ದೆ ಮಾಡಿ ತೋರಿಸೋಣವೆಂದರೆ ನೀರಿನ ಕ್ಯಾನು ಖಾಲಿ. ಓಟಗಾರರು ಮಾಡುವಂತೆ ಅವನು ಪಟ್ಟಿಯ ಒಳಬದಿಯನ್ನು ನಾಲಿಗೆಯಿಂದ ನೆಕ್ಕಿ, ನೋಡಿ ಎಂದು ಅವಳತ್ತ ಚಾಚಿದ.

"ಛೀ... ಎಂಜಲು. ಇದನ್ನ ನಾನು ಮುಟ್ಬೇಕಾ?"

ಚಾಚಿದ ಕೈ ಅಲ್ಲೇ ನಿಂತಿತು. ಅವನ ಮುಖ ಕಪ್ಪಿಟ್ಟಿತು.

"ತಪ್ಪಾಯ್ತು ಮೇಡಂ."

ಭುವನಾ ಲ್ಯಾಬ್ ಟೆಕ್ನೀಷಿಯನ್. ಊರಿನವರ ಕಫ, ಮೂತ್ರ ಎಲ್ಲ ದಿನವೂ ಅವಳ ಕೈ ಮೇಲೇ ಹೋಗಬೇಕು. ಗ್ಲೌಸ್ ಇದ್ದರೆ ಅವಳಿಗೆ ಯಾವುದೂ ಲೆಕ್ಕಕ್ಕಿಲ್ಲ. ಗ್ಲೌಸ್ ಇಲ್ಲದೆ ಎಂಜಲು ಮುಟ್ಟುವುದು ಮಾತ್ರ ಅವಳಿಂದಾಗದು. ಕೈಪಟ್ಟಿಯನ್ನೇ ಕೊಂಡು, ಮನೆಗೆ ಹೋಗಿ ಎರಡೆರಡು ಸಲ ಕೈ ತೊಳೆದಳು.

ಆದರೂ ಜಿಮ್ಮಿಗೆ ಹೋಗುವುದನ್ನು ಬಿಡಲಿಲ್ಲ. ಮಂಡಿನೋವಿನ ಮರಿಯಮ್ಮನಿಗೆ ಅವನು ಬೇಸರವಿಲ್ಲದೆ ವ್ಯಾಯಾಮ ಹೇಳಿಕೊಡುವುದನ್ನು ನೋಡುತ್ತ ನಿಂತುಬಿಡುತ್ತಿದ್ದಳು. ಮೂಗು ಮುಚ್ಚಿಕೊಂಡೇ ಮನಸ್ಸು ಕೊಡುವುದೂ ಉಂಟು, ಏನು ಮಾಡುತ್ತೀರಿ!

ಅವನು ಮಾತ್ರ ಯಾವುದನ್ನೂ ಅವಳ ಕೈಗೆ ಕೊಡುತ್ತಿರಲಿಲ್ಲ. ಡಂಬೆಲ್ ನೆಲದ ಮೇಲಿಟ್ಟು ಹಿಂದೆ ಸರಿಯುತ್ತಿದ್ದ. ಉಳಿದವರ ಬೆನ್ನು ತಟ್ಟಿ ನಗುವವನು ಅವಳು ಬಂದರೆ ಎರಡು ಮಾರು ದೂರ.

'ನನ್ನನ್ನ ಕಂಡ್ರೆ ಇವನಿಗೆ ಅಷ್ಟು ಅಸಹ್ಯವಾ?' ಎಂದು ಅವಳಿಗೆ ಅಳು ಬರುವಂತಾಗುತ್ತಿತ್ತು.

ಒಂದು ಭಾನುವಾರ ಜಿಮ್ಮಿನವರೆಲ್ಲ ದೇವರಮನೆ ಗುಡ್ಡದ ರಸ್ತೆಯಲ್ಲಿ ಓಡಿದರು. ಅರ್ಧ ದಾರಿಯಲ್ಲಿ ಶೂ ಬಿಚ್ಚಿ ನೋಡಿದರೆ ಭುವನಾಳ ಕಾಲ್ಬೆರಳ ಸಂದಿಯಲ್ಲಿ ಇಂಬಳ! ರಕ್ತ ಕುಡಿದು ಊದಿಕೊಂಡು, ಲೋಳೆಲೋಳೆಯಾಗಿ... ಅವಳು ಕಣ್ಣು ಮುಚ್ಚಿ ನಿಂತಳು. ದಯಾನಂದ ಬಂದ. ಉಪ್ಪಿನ ಪೊಟ್ಟಣವನ್ನು ಕಲ್ಲಿನ ಮೇಲಿಟ್ಟು ದೂರ ಸರಿದ. ಮುಟ್ಟಲಿಲ್ಲ.

ಅಷ್ಟರಲ್ಲಿ ಜೀಪು ಬಂದು ನಿಂತಿತು. ಸೋಮಶೇಖರಪ್ಪನವರ ಮುಖ ಬಿಳಿಚಿಕೊಂಡಿತ್ತು. ಮೊಬೈಲಿನಲ್ಲಿ ಮಗಳ ಎದೆಬಡಿತ ಗಾಬರಿಯಾಗುವಷ್ಟು ಏರಿದ್ದನ್ನು ಕಂಡು ಓಡಿ ಬಂದಿದ್ದರು. ಭುವನಾ ಕತ್ತಿನ ನಾಡಿ ಹಿಡಿದು ನೋಡಿದಳು. ಅಷ್ಟಿರಲೇ ಇಲ್ಲ.

ದಯಾನಂದ ದೂರದಿಂದಲೇ ವಿವರಿಸಿದ. ಚಳಿಗೆ ಕೈ ತಣ್ಣಗಾಗಿ ಪಟ್ಟಿ ದಾರಿ ತಪ್ಪಿದೆ, ಓಡುವಾಗ ಬಡಿತದ ಬದಲು ಹೆಜ್ಜೆಯನ್ನು ಎಣಿಸಿದೆ ಎಂದ. ಅಪ್ಪ ಅರ್ಧ ನಂಬಿದರು. ಸರಿಯಾದದ್ದು ಸಿಕ್ಕರೆ ಇನ್ನೊಂದೇ ಸಲ ಓಡು, ಅದರಲ್ಲೂ ಹೀಗಾದರೆ ಶೂಸನ್ನು ಒಲೆಗೆ ಹಾಕುತ್ತೇನೆ ಎಂದರು.

ಮರುದಿನ ಜಿಮ್ಮಿನ ಟೇಬಲ್ ಮೇಲೆ ಹೊಸ ಎದೆಪಟ್ಟಿಯ ಪೊಟ್ಟಣವಿತ್ತು. ದಯಾನಂದ ಅದನ್ನು ಬೆರಳ ತುದಿಯಿಂದ ಅವಳತ್ತ ನೂಕಿದ.

"ಸೀಲ್ ಒಡೆದಿಲ್ಲ ಮೇಡಂ. ಒಳಗಿಂದು ನಾನು ಮುಟ್ಟಿಲ್ಲ."

"ಮುಟ್ಟಿದ್ರೆ ಏನಾಗ್ತಿತ್ತು?"

"ನೀವೇ ಅಂದ್ರಲ್ಲ, ಎಂಜಲು ಅಂತ."

"ನಮ್ಮಪ್ಪ ಕಚ್ಚಿದ ಮಾವಿನಹಣ್ಣೂ ನಂಗಾಗಲ್ಲ ದಯಾನಂದ. ಯಾರ ಎಂಜಲಾದ್ರೂ ವಾಕರಿಕೆ ಬರುತ್ತೆ."

ಅವನು ಮೆಲ್ಲಗೆ ಹೇಳಿದ.

"ನಿಮ್ಮಪ್ಪಂದಾದ್ರೆ ಬರೀ ಎಂಜಲು. ನಮ್ದಾದ್ರೆ ಮೈಲಿಗೆ. ನಮ್ಮಪ್ಪ ಮಾರಯ್ಯ ಎಸ್ಟೇಟಿಂದ ಮೆಣಸಿನ ಚೀಲ ಹೊತ್ತು ನಿಮ್ಮಂಗಡಿಗೆ ಬರ್ತಿದ್ರು. ಅವ್ರು ಕಾಫಿ ಕುಡೀತಿದ್ದ ಲೋಟ ಹಿಂಬಾಗಿಲಲ್ಲಿ ಬೇರೆನೇ ಇತ್ತು. ಈಗ್ಲೂ ಇದೆ."

ಭುವನಾ ಪೊಟ್ಟಣವನ್ನು ಅಲ್ಲೇ ಬಿಟ್ಟು ಇಳಿದು ಬಂದಳು.

ಆ ಲೋಟ ಅವಳಿಗೆ ಗೊತ್ತಿತ್ತು. ಚಿಕ್ಕಂದಿನಿಂದ ನೋಡಿದ್ದಳು, ಹಿಂಬಾಗಿಲ ನಲ್ಲಿಯ ಹತ್ತಿರ ಬೋರಲು ಹಾಕಿದ ನೆಗ್ಗಿದ ಸ್ಟೀಲ್ ಲೋಟ. ಅದು ಅಲ್ಲಿ ಯಾಕಿದೆ ಎಂದು ಒಂದು ದಿನವೂ ಕೇಳಿರಲಿಲ್ಲ. ಅವನು ಇಷ್ಟು ದಿನ ದೂರ ನಿಂತದ್ದು ಅಸಹ್ಯದಿಂದಲ್ಲ. ಯಾರದೋ ಎಂಜಲಿಗೆ ಮೂಗು ಮುರಿಯುವ ತಾನು, ಈ ಕೊಳಕಿನ ಪಕ್ಕದಲ್ಲೇ ಓಡಾಡಿಕೊಂಡು ಬೆಳೆದಿದ್ದಳು. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಅಂಗಡಿಯಲ್ಲಿ ಹಮಾಲಿ ಉಮೇಶ್ ಆಗಷ್ಟೇ ಅದರಲ್ಲಿ ಕಾಫಿ ಕುಡಿದಿಟ್ಟಿದ್ದ. ಭುವನಾ ಲೋಟ ತೊಳೆದು, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡು, ಗಲ್ಲಾಪೆಟ್ಟಿಗೆಯ ಮುಂದೆ ಬಂದು ನಿಂತು ಕುಡಿದಳು. ಪ್ರತಿ ಗುಟುಕಿಗೂ ಕಣ್ಣು ಮುಚ್ಚಿದಳು. ಅಪ್ಪನ ಲೋಟವಾಗಿದ್ದರೂ ಮುಚ್ಚುತ್ತಿದ್ದಳು. ಕೊನೆಯ ಗುಟುಕಿನವರೆಗೂ ಬಿಡಲಿಲ್ಲ.

"ಅದು ಅವ್ರ ಲೋಟ ಕಣಮ್ಮ," ಎಂದರು ಅಪ್ಪ.

"ಗೊತ್ತಪ್ಪ. ನಾಳೆಯಿಂದ ಎಲ್ರದ್ದೂ ಒಂದೇ ಕಡೆ ಇರ್ಲಿ."

ಅಪ್ಪ ಗಲ್ಲಾಪೆಟ್ಟಿಗೆಯ ಕಡೆ ತಿರುಗಿಕೊಂಡರು. ಉಮೇಶ್ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಸಂಜೆಯೊಳಗೆ ಸುದ್ದಿ ಬೇಕರಿಗೂ, ಬೇಕರಿಯಿಂದ ಮೇಲಕ್ಕೂ ಹತ್ತಿತ್ತು.

ಅವಳು ಮತ್ತೆ ಜಿಮ್ಮಿಗೆ ಹೋದಾಗ ದಯಾನಂದ ಪೊಟ್ಟಣವನ್ನು ಕೈಗೆತ್ತಿಕೊಂಡ. ಅದರ ಸೀಲನ್ನು ತಾನೇ ಒಡೆದ. ಎದೆಪಟ್ಟಿಯನ್ನು ನಲ್ಲಿಗೆ ಹಿಡಿದು ಒದ್ದೆ ಮಾಡಿದ. ತಂದು ಅವಳ ಅಂಗೈಯಲ್ಲಿಟ್ಟ. ಇಬ್ಬರ ಬೆರಳೂ ತಾಗಿದವು. ಯಾರೂ ಕೈ ಹಿಂದೆಗೆಯಲಿಲ್ಲ.

ಮುಂದಿನ ಭಾನುವಾರ ಮತ್ತೆ ದೇವರಮನೆ. ಏರು ದಾರಿಯಲ್ಲೂ ಎದೆಬಡಿತ ಹದವಾಗಿ ಏರಿ ಹದವಾಗಿ ಇಳಿಯಿತು. ಅಂಗಡಿಯಲ್ಲಿ ಕೂತ ಅಪ್ಪನಿಂದ ಒಂದು ಫೋನೂ ಬರಲಿಲ್ಲ. ಉಳಿದವರು ಹಿಂದೆ ಬಿದ್ದಿದ್ದರು. ಹುಲ್ಲುಗುಡ್ಡದ ನೆತ್ತಿಯಲ್ಲಿ ಇಬ್ಬರೇ ನಿಂತು ಸುಧಾರಿಸಿಕೊಂಡರು.

"ಅವತ್ತು ನಿಮ್ಮನ್ನ ತಪ್ಪು ತಿಳ್ಕೊಂಡೆ," ಎಂದ ದಯಾನಂದ.

"ಪೂರ್ತಿ ತಪ್ಪೇನಲ್ಲ."

ಅವನು ಅವಳನ್ನೇ ನೋಡಿದ. ಎರಡು ಮಾರು ದೂರ ನಿಲ್ಲುವವನು ಪಕ್ಕಕ್ಕೆ ಬಂದು ನಿಂತ. ಸಂಕೋಚದಿಂದ ಅವಳ ಕೈ ಹಿಡಿದುಕೊಂಡ. ಬೆವರಿದ, ಮಣ್ಣು ಮೆತ್ತಿದ ಕೈ... ಭುವನಾಳಿಗೆ ತೊಳೆದುಕೊಳ್ಳಬೇಕು ಅನ್ನಿಸಲೇ ಇಲ್ಲ!

ಆಗ ಫೋನ್ ಬಂತು.

"ಏನಮ್ಮ, ನಿಂತ್ಕೊಂಡಿದೀಯ ಅಂತ ತೋರಿಸ್ತಿದೆ. ಎದೆಬಡಿತ ಮಾತ್ರ ಏರ್ತಾನೇ ಇದೆ?" ಎಂದರು ಅಪ್ಪ. "ಇದೂ ಕೆಟ್ಟೋಯ್ತಾ?"

ಹೌದು ಎಂದರೆ ಮುಗಿದುಹೋಗುತ್ತಿತ್ತು. ಆದರೆ ಓಟವೂ ಅಲ್ಲಿಗೇ ಮುಗಿಯುತ್ತಿತ್ತು. ಭುವನಾ ಒಮ್ಮೆ ಉಸಿರೆಳೆದುಕೊಂಡಳು.

"ಕೆಟ್ಟಿಲ್ಲಪ್ಪ. ಸರಿಯಾಗೇ ತೋರಿಸ್ತಿದೆ. ದಯಾನಂದ ನನ್ನ ಕೈ ಹಿಡ್ಕೊಂಡಿದಾರೆ."

ಸೋಮಶೇಖರಪ್ಪ, ಮಂಜು ಕವಿಯುವ ಮೊದಲು ಇಳಿದು ಬಾ ಎಂದಷ್ಟೇ ಹೇಳಿ ಫೋನ್ ಇಟ್ಟರು.

ದಯಾನಂದನ ಮುಖದಲ್ಲಿ ರಕ್ತವೇ ಇರಲಿಲ್ಲ.

"ಹಿಂಗೆ ಹೇಳಿಬಿಡೋದಾ... ಅವ್ರು ಬೇಡ ಅಂದ್ರೆ?"

"ಬೇಡ ಅಂತಾನೇ ಅಂತಾರೆ. ಓಡೋದಕ್ಕೂ ಮೊದ್ಲು ಬೇಡ ಅಂತಾನೇ ಅಂದಿದ್ರು."

"ಮತ್ತೆ?"

"ಮತ್ತೆ ಓಡ್ತಾ ಇದೀನಲ್ಲ, ಮಾರಾಯ."