ಎಡಗೈಯ ವರಸೆ

ಭಾಗ್ಯಜ್ಯೋತಿ ಕೋಲೆತ್ತಿ ಒಂದು ಸುತ್ತು ಬೀಸಿದಳು, ಅಷ್ಟೇ. ಎದುರಿಗೆ ನಿಂತಿದ್ದ ಸಿದ್ಧಲಿಂಗನ ಮುಖ ಬಿಳುಚಿಕೊಂಡಿತು.

"ಇಡ್ರಿ... ಕೋಲು ಕೆಳಗಿಡ್ರಿ."

ಶಹಾಬಾದಿನ ಹಳೆಯ ಗರಡಿಮನೆಯ ಅಂಗಳದಲ್ಲಿ ನಡುಹಗಲು. ಆಚೆಗೆ, ಕೆಲಸ ನಿಂತುಹೋದ ಕಲ್ಲುಗಣಿಯಲ್ಲಿ ಹಸಿರುಗಟ್ಟಿದ ನೀರು. ಬಿಸಿಲು ಎಷ್ಟು ಬೆಳ್ಳಗಿತ್ತೆಂದರೆ, ನೆರಳುಗಳು ತಮ್ಮ ಒಡೆಯರನ್ನು ಬಿಟ್ಟು ಎಲ್ಲಿಗೋ ಹೋಗಿರುವಂತೆ ತೋರುತ್ತಿತ್ತು.

ಸೇಡಂನ ಔಷಧಿ ಅಂಗಡಿಯೊಂದರಲ್ಲಿ ಕೆಲಸ ಮಾಡುವ ಭಾಗ್ಯಜ್ಯೋತಿ ಈ ಮನುಷ್ಯನನ್ನು ಕಣ್ಣಾರೆ ನೋಡುತ್ತಿರುವುದು ಇದೇ ಮೊದಲು. ಅಂಗೈಯೊಳಗಿನ ಫೋನಿನಲ್ಲಿ ಮಾತ್ರ ವರ್ಷದಿಂದ ಬಲ್ಲಳು. ಅವನು ಕೋಲುವರಸೆಯ ಪಾಠವನ್ನು ವಿಡಿಯೋ ಮಾಡಿ ಕಳಿಸುತ್ತಿದ್ದ. ಅವಳು ಮಾಳಿಗೆಯ ಮೇಲೆ ಅಭ್ಯಾಸ ಮಾಡಿ ತನ್ನ ವಿಡಿಯೋ ಕಳಿಸುತ್ತಿದ್ದಳು. ಆಮೇಲೆ ಅವನ ದನಿ ಬರುತ್ತಿತ್ತು: "ಭುಜ ಬಿಗೀಬ್ಯಾಡ್ರಿ... ಉಸಿರು ಬಿಡ್ರಿ."

ಆ ದನಿಗಾಗಿ ಕಾಯುವುದೇ ಯಾವಾಗ ಪಾಠಕ್ಕಿಂತ ದೊಡ್ಡದಾಯಿತೋ ಅವಳಿಗೆ ತಿಳಿಯಲಿಲ್ಲ.

ಒಂದು ತಿಂಗಳಿಂದ ಆ ದನಿ ನಿಂತುಹೋಗಿತ್ತು. ಕರೆಗೂ ಉತ್ತರವಿಲ್ಲ. ಇಂದು ವಾಡಿಯಲ್ಲಿ ರೈಲು ಬದಲಿಸಿ ನೇರವಾಗಿ ಇಲ್ಲಿಗೇ ಬಂದಿದ್ದಳು. ಕೇಳಿದರೆ ಅವನು ನೆಲ ನೋಡುತ್ತ ನಿಂತ. ತಪ್ಪಿದ್ದರೆ ಇಲ್ಲೇ ತಿದ್ದಲಿ ಎಂದು, ಗೋಡೆಗೆ ಒರಗಿಸಿದ್ದ ಕೋಲನ್ನು ಅವಳೇ ಎತ್ತಿಕೊಂಡಿದ್ದಳು.

"ಯಾಕ ಬಿಟ್ರಿ ನನ್ನ? ಅಷ್ಟು ಹೇಳ್ರಿ, ಹೋಗ್ತೀನಿ."

'ಹೆಣ್ಣೆಂದೇ? ಅಥವಾ ನನ್ನ ಮನಸ್ಸು ತಿಳಿದು ಬೇಸರವಾಯಿತೇ?'

ಉತ್ತರ ಬಂದದ್ದು ಬಾಗಿಲ ಬಳಿಯ ಹೊರಸಿನಿಂದ. ಸಿದ್ಧಲಿಂಗನ ಅಜ್ಜಿ ಚಂದಮ್ಮ, ಹುಡುಗಿಯ ಎಡಗೈಯಲ್ಲಿದ್ದ ಕೋಲನ್ನೇ ನೋಡುತ್ತ, ಮೆಲ್ಲಗೆ ಕೇಳಿದಳು:

"ಎಲ್ಲಿದ್ರಿ ಇಷ್ಟು ದಿನ?"

ಭಾಗ್ಯಜ್ಯೋತಿ ತಿರುಗಿ ತನ್ನ ಬೆನ್ನ ಹಿಂದೆ ನೋಡಿದಳು. ಆ ಮಾತು ತನಗೆ ಹೇಳಿದ್ದಲ್ಲ.

"ಅಜ್ಜೀ, ಇವ್ರು ಸೇಡಂದವ್ರು."

"ಕಣ್ಣು ಕಾಣ್ತಾವಪ್ಪ ನನಗ. ಹುಡುಗಿ ಸೇಡಂದಾಕಿ. ಕೈ ನಮ್ಮನಿಯವ್ರದು."

ಸಿದ್ಧಲಿಂಗ ಕಟ್ಟೆಯ ಮೇಲೆ ಕುಸಿದು ಕುಳಿತ. "ನಮ್ಮಜ್ಜ ಕಲ್ಯಾಣಪ್ಪ ಈ ಗರಡಿ ವಸ್ತಾದಿ, ಗುರು. ಅಲ್ಲಾವುದ್ದೀನ ಉಸ್ತಾದರ ಹತ್ರ ಕಲ್ತವ್ರು. ಎಡಗೈಯವ್ರು. ಶಿಷ್ಯರಿಗೆ ತಿಳೀಲಿ ಅಂತ ಬಲಗೈಲೇ ಕಲಿಸಿದ್ರು. ತಮ್ಮ ಆಟ ಆಡ್ತಿದ್ದದ್ದು ಇಂಥಾ ಬಿಸಿಲಾಗ, ಯಾರೂ ಇರಲಾರದಾಗ. ನಾ ಕದ್ದು ನೋಡ್ತಿದ್ದೆ. ಅವರು ಹೋದ್ರು, ಅದೂ ಅವರ ಜೋಡಿ ಮಣ್ಣಾಗ ಹೋಯ್ತು."

"ನಾ ಎಡಗೈಯಾಕಿ ಅಲ್ರಿ. ಊಟ, ಬರಿಯೋದು ಎಲ್ಲಾ ಬಲಗೈಲೇ. ಕೋಲು ಮಾತ್ರ ನೀವು ಕಲಿಸಿದ್ಹಂಗ."

"ನಾ ಕಲಿಸಿದ್ದು ಬಲಗೈ."

ಗಣಿಯ ನೀರಿಗೆ ಒಂದು ಕಲ್ಲು ಜಾರಿ ಬಿದ್ದ ಸದ್ದಾಯಿತು. ಅಲ್ಲಿ ಯಾರೂ ಇರಲಿಲ್ಲ.

"ಫೋನು ಚಿತ್ರಾನ ಎಡಬಲ ತಿರುವಿ ತೋರಸ್ತದ ಅಂತ ತಿಳಕೊಂಡಿದ್ದೆ. ಕಡೀ ವಿಡಿಯೋದಾಗ ನಿಮ್ಮ ಹಿಂದ ಮಾಳಿಗಿ ಬಾಗಿಲ ಮ್ಯಾಲ ಕ್ಯಾಲೆಂಡರ್ ಇತ್ತು. ಅಕ್ಷರ ಸೀದಾ ಇದ್ವು. ಅಂದ್ರ ಕೈ ಖರೇನ ಎಡದ್ದು. ಮ್ಯಾಲ ಆ ಅರ್ಧ ಹೆಜ್ಜಿ... ಹೊಡ್ತ ಮುಗಿದಮ್ಯಾಲ ಕಾಲು ಹಿಂದ ಎಳೀತೀರಲ್ಲ, ಅದು ಅಜ್ಜಂದು. ಫೋನು ಬೋರಲ ಹಾಕಿ ಇಟ್ಟೆ. ನೋಡೋ ಧೈರ್ಯ ಆಗಲಿಲ್ಲ."

"ಹೆದರಿದ್ರೇನು?"

"ಭಾಳ."

ಅವಳ ಒಂದು ತಿಂಗಳ ಅಳು ನಗೆಯಾಗಿ ತಿರುಗಿತು. "ವಸ್ತಾದಿ ಮೊಮ್ಮಗ, ಔಷಧಿ ಅಂಗಡಿ ಹುಡುಗಿಗೆ!"

ಮರುಗಳಿಗೆ ಅವಳ ನಗೆ ನಿಂತಿತು. ಏನೋ ಹೊಳೆದಿತ್ತು. "ನೀವು ವಿಡಿಯೋದಾಗ ನನ್ನ ಕಡೀನೇ ಮುಖ ಮಾಡಿ ನಿಂತಿರ್ತೀರಿ. ನಿಮ್ಮ ಬಲಗೈ ಯಾವ ಮಗ್ಗಲಿಗೆ ಕಾಣ್ತದೋ, ನಾ ಆ ಮಗ್ಗಲಿನ ಕೈ ಎತ್ತಿದೆ. ಕನ್ನಡಿ ನೋಡಿದ್ಹಂಗ..."

"ಗರಡ್ಯಾಗ ವಸ್ತಾದಿ ಶಿಷ್ಯರಿಗೆ ಬೆನ್ನು ಕೊಟ್ಟು ನಿಲ್ತಾನವ್ವ," ಎಂದಳು ಚಂದಮ್ಮ. "ಕೈಗೆ ಕೈ ಕೂಡ್ಲಿ ಅಂತ. ಇಂವ ಬ್ಯಾರೆಯವ್ರಿಗೆ ಫೋನಿನ್ಯಾಗ ಬೆನ್ನು ಕೊಟ್ಟೇ ಕಲಸ್ತಾನ. ನಿನಗ್ಯಾಕ ತಿರುಗಿ ನಿಂತ, ಕೇಳು."

ಸಿದ್ಧಲಿಂಗ ತಲೆ ಎತ್ತಲಿಲ್ಲ. ಅವನ ಕಿವಿಗಳು ಕೆಂಪಾಗಿದ್ದವು.

"ಹೇಳ್ರಿ," ಎಂದಳು ಭಾಗ್ಯಜ್ಯೋತಿ.

"ಬೆನ್ನು ಕೊಟ್ರ... ನೀವು ನನ್ನ ಮುಖ ನೋಡ್ತಿರಲಿಲ್ಲ."

ಅವಳು ಕೋಲನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದಳು. ಎರಡು ಊರುಗಳ ನಡುವೆ, ಒಂದು ಗಾಜಿನ ಆಚೆ ಈಚೆ, ವರ್ಷವಿಡೀ ತಾವಿಬ್ಬರೂ ಬೇಡಿದ್ದು ಒಂದನ್ನೇ ಎಂದು ಅವಳಿಗೆ ಈಗ ತಿಳಿಯಿತು.

"ಆದ್ರ ಆ ಅರ್ಧ ಹೆಜ್ಜಿ?" ಎಂದ ಅವನು ಮೆಲ್ಲಗೆ. "ಅದು ನನಗೇ ಬರಂಗಿಲ್ಲ. ಯಾರು ಕಲಿಸಿದ್ರು?"

ಅವಳು ನೆನಪಿಸಿಕೊಳ್ಳಲು ನೋಡಿದಳು. ಬಿಸಿಲ ಮಾಳಿಗೆ, ಒಬ್ಬಳೇ ತಾನು... ಯಾವ ದಿನ ಆ ಕಾಲು ಹಿಂದೆ ಸರಿಯಿತು? "ಗೊತ್ತಿಲ್ರಿ. ಬಂತು."

"ಬಂದವ್ರಿಗೆ ಯಾಕ ಬಂದ್ರಿ ಅಂತ ಕೇಳ್ತಾರೇನು?" ಎಂದು ಚಂದಮ್ಮ ಸೆರಗು ಸರಿಪಡಿಸಿಕೊಂಡು ಒಳಗೆ ಹೋದಳು. ಹೋಗುವ ಮುನ್ನ, ಯಾರಿಗೋ ದಾರಿ ಬಿಡುವಂತೆ ಹೊಸ್ತಿಲಲ್ಲಿ ಒಂದು ಗಳಿಗೆ ಪಕ್ಕಕ್ಕೆ ಸರಿದು ನಿಂತಿದ್ದಳು.

ಇಬ್ಬರೂ ಅದನ್ನು ನೋಡಿದರು.

ಸಿದ್ಧಲಿಂಗ ಎದ್ದುಬಂದು ಅವಳ ಮುಂದೆ ಬಾಗಿ ನೆಲ ಮುಟ್ಟಿದ, ಶಿಷ್ಯ ಗುರುವಿನೆದುರು ಬಾಗುವಂತೆ. "ಈ ಕೈ ನಮ್ಮ ಗರಡಿಗೆ ತಿರುಗಿ ಬೇಕು. ನನಗ ಕಲಸ್ರಿ."

"ಸೇಡಂದಿಂದ ದಿನಾ ಬಂದು ಹೋಗೋದು ಆಗ್ತದೇನ್ರಿ?"

"ಹೋಗೋದ್ಯಾಕ?"

ಅವಳ ಕಣ್ಣು ತುಂಬಿತು. "ಅದನ್ನ ನಮ್ಮಪ್ಪನ್ನ ಕೇಳ್ರಿ."

"ಯಾವಾಗ ಬರ್ಲಿ?"

"ನಾಕ ಗಂಟೆಗೆ ಗಾಡಿ ಅದ," ಎಂದಳು ಭಾಗ್ಯಜ್ಯೋತಿ. "ಜೋಡೀಲೇ ಹೋಗಾಮ."